ಹದಿನಾಲ್ಕು ಮಂದಿ ಇದ್ದ ಜಾಗದಲ್ಲಿ ನಾಲ್ಕು ಫ್ಲ್ಯಾಟು

ಬೆಂಗಳೂರಿನ ಹಳೆಯ ಬಡಾವಣೆಗಳ ಬಗ್ಗೆ ಕನ್ನಡದಲ್ಲಿ ಒಂದು ಬಗೆಯ ಬರಹ ಬರುತ್ತಲೇ ಇರುತ್ತದೆ. ಅದರಲ್ಲಿ ಒಂದು ಸಂಪಿಗೆ ಮರ ಇರುತ್ತದೆ, ಕೆಂಪು ಗಾರೆಯ ನೆಲ ಇರುತ್ತದೆ, ಸಂಜೆ ಹೊತ್ತು ಅಜ್ಜ ಕೂರುವ ಜಗಲಿ ಇರುತ್ತದೆ. ಕೊನೆಯ ಪ್ಯಾರಾಕ್ಕೆ ಜೆಸಿಬಿ ಬರುತ್ತದೆ. ಓದಿ ನಿಟ್ಟುಸಿರು ಬಿಡುತ್ತೇವೆ. ನಾನೂ ಬಿಟ್ಟಿದ್ದೇನೆ. ಆದರೆ ಇಂಥ ಬರಹಗಳನ್ನು ಬರೆಯುವವರು ಸಾಮಾನ್ಯವಾಗಿ ಆ ಮನೆಯ ಮೊಮ್ಮಕ್ಕಳು. ಅದೇ ಮನೆಯ ಹಿಂದಿನ ರೂಮಿನಲ್ಲಿ, ಪಕ್ಕದ ಪೋರ್ಶನ್‌ನಲ್ಲಿ, ಮಾಳಿಗೆಯ ಶೀಟಿನ ಕೆಳಗೆ ಬಾಡಿಗೆಗಿದ್ದವರು ಎಲ್ಲಿಗೆ ಹೋದರು ಎಂದು ಆ ಬರಹ ಕೇಳುವುದಿಲ್ಲ. ಜೆಸಿಬಿ ತಂದವರೂ ಕೇಳುವುದಿಲ್ಲ. ಈ ವಿಷಯದಲ್ಲಿ ಹಳೆಯದಕ್ಕೆ ಅಳುವವರಿಗೂ ಹೊಸದನ್ನು ಕಟ್ಟುವವರಿಗೂ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ.

ನಾನು ಮಾಳಿಗೆಯ ಶೀಟಿನ ಕೆಳಗಿದ್ದವಳು. 2021ರಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ, ಮಲ್ಲೇಶ್ವರದ ಒಂದು ಮನೆಗೆ ಬಾಡಿಗೆಗೆ ಬಂದೆ. ಊರು ಸಿಂಧನೂರು. ಹಳೆಯ ಕನ್ನಡ ನಿಯತಕಾಲಿಕೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಅವುಗಳ ಬೆನ್ನು ಹತ್ತಿದವರು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಎಂದು ಓಡಾಡಬೇಕು. ಊರ ನಡುವೆ ಇರಬೇಕೆಂಬುದು ನನಗೆ ಶೋಕಿಯಾಗಿರಲಿಲ್ಲ. ಬಾಡಿಗೆ ಒಂಬತ್ತು ಸಾವಿರ, ಇಬ್ಬರು ಹಂಚಿಕೊಳ್ಳುತ್ತಿದ್ದೆವು. ಅಡ್ವಾನ್ಸ್ ಅರವತ್ತು ಸಾವಿರ. ತಿಂಗಳು ತಿಂಗಳು ಬರಬೇಕಾದ ಫೆಲೋಶಿಪ್ಪು ಐದಾರು ತಿಂಗಳಿಗೊಮ್ಮೆ ಬರುತ್ತಿದ್ದರೂ ಹೇಗೋ ನಡೆಯುತ್ತಿತ್ತು.

ಐವತ್ತು–ಎಂಬತ್ತರ ಸೈಟು. ಮುಂದಿನ ಮನೆಯಲ್ಲಿ ಮನೆಯೊಡತಿ ಒಬ್ಬರೇ. ಪಕ್ಕದ ಪೋರ್ಶನ್‌ನಲ್ಲಿ ಟೈಲರ್ ಕುಟುಂಬ, ನಾಲ್ಕು ಜನ. ಹಿಂದಿನ ಎರಡು ರೂಮುಗಳ ಪೈಕಿ ಒಂದರಲ್ಲಿ ಮೆಸ್ಸಿನಲ್ಲಿ ಅಡುಗೆ ಮಾಡುವವರು, ಅವರ ಹೆಂಡತಿ, ಮಗ. ಇನ್ನೊಂದರಲ್ಲಿ ಇಬ್ಬರು ನರ್ಸ್‌ಗಳು. ಹಳೆಯ ಗ್ಯಾರೇಜಿನಲ್ಲಿ ಇಸ್ತ್ರಿ ಅಂಗಡಿ. ಅಂಗಡಿಯ ಗಂಡ ಹೆಂಡತಿ ರಾತ್ರಿ ಅಲ್ಲೇ ಮಲಗುತ್ತಿದ್ದರು. ಮೇಲೆ ನಾವಿಬ್ಬರು. ಒಟ್ಟು ಹದಿನಾಲ್ಕು ಮಂದಿ, ಆರು ಒಲೆ. ವಾಹನವೆಂದರೆ ಟೈಲರಣ್ಣನ ಸ್ಕೂಟರ್ ಒಂದೇ.

2022ರ ಡಿಸೆಂಬರ್‌ನಲ್ಲಿ ಒಡತಿ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಹೇಳಿದರು. "ನೋಡಮ್ಮ, ನನಗೂ ಎಪ್ಪತ್ತೆಂಟಾಯ್ತು. ಮಳೆ ಬಂದ್ರೆ ಅಡುಗೆಮನೇಲಿ ಬಕೆಟ್ ಇಡ್ಬೇಕು. ಮಗ ಅಲ್ಲಿಂದ ವಾಪಸ್ ಬರಲ್ಲ. ಬಿಲ್ಡರ್ ಎರಡು ಫ್ಲ್ಯಾಟ್ ಕೊಡ್ತಾನಂತೆ, ಕಟ್ಟೋವರೆಗೂ ನನ್ನ ಬಾಡಿಗೇನೂ ಅವನೇ ಕೊಡ್ತಾನಂತೆ." ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಸೋರುವ ಮನೆಯಲ್ಲಿ ಒಬ್ಬರೇ ಇರುವ ಮುದುಕಿ ಇನ್ನೇನು ಮಾಡಬೇಕಿತ್ತು? ಆದರೆ ಆ ಕೊನೆಯ ಮಾತು ತಲೆಯಲ್ಲಿ ಉಳಿಯಿತು. ಜಾಯಿಂಟ್ ಡೆವಲಪ್‌ಮೆಂಟ್ ಒಪ್ಪಂದದಲ್ಲಿ ಮನೆ ಕಳೆದುಕೊಂಡವರಿಗೆ ಬಾಡಿಗೆ ಕೊಡುವ ಪದ್ಧತಿ ಇದೆ. ಮನೆಯ ಒಡೆತನ ಇರುವವರು ಕಳೆದುಕೊಂಡರೆ ಮಾತ್ರ. ಉಳಿದ ಹದಿಮೂರು ಮಂದಿಗೆ ಸಿಕ್ಕಿದ್ದು ಎರಡು ತಿಂಗಳ ಗಡುವು, ಮತ್ತು ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ವಾಪಸಾದ ಅಡ್ವಾನ್ಸ್. ಕೆಡವಲಿರುವ ಮನೆಗೆ ಯಾವ ಪೇಂಟಿಂಗ್ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ.

ಕಳೆದ ವರ್ಷ ಕಟ್ಟಡ ಮುಗಿಯಿತು. ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೊಂದು ಫ್ಲ್ಯಾಟು. ನೋಡಲೆಂದೇ ಹೋಗಿದ್ದೆ. ವಾಚ್‌ಮನ್ ಹೆಂಡತಿ ಮೆಟ್ಟಿಲ ಕೆಳಗಿನ ರೂಮಿನ ಮುಂದೆ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನ ಮಾತು ಕೇಳಿ ಅವರೇ ಕೇಳಿದರು: "ಯಾ ಊರಿನವ್ರ್ರೀ ಅಕ್ಕಾ ನೀವು?" ಅವರದು ಸುರಪುರದ ಕಡೆ. ಮೇಲೆ ಯಾರ್ಯಾರಿದ್ದಾರೆ ಎಂದೆ. "ಅಮ್ಮಾರು ಒಬ್ರ ಅದಾರ. ಅವರ್ದು ಇನ್ನೊಂದು ಯಾವಾಗ್ಲೂ ಕೀಲಿನ. ಉಳಿದ ಎರಡ್ರಾಗ ಒಂದ್ಕ ಮೂರು ಮಂದಿ, ಒಂದ್ಕ ಇಬ್ರು." ಅಂದರೆ ಆರು. ಅವರು, ಅವರ ಗಂಡ, ಮಗು ಸೇರಿದರೆ ಒಂಬತ್ತು. ನಾಲ್ಕು ಬಾಗಿಲಿಗೂ ನಂಬರ್ ಇತ್ತು, ಮೆಟ್ಟಿಲ ಕೆಳಗಿನ ರೂಮಿಗೆ ಇರಲಿಲ್ಲ. ಪಾರ್ಕಿಂಗಿನಲ್ಲಿ ಐದು ಕಾರುಗಳಿದ್ದವು.

ಒಂದು ಮನೆಯ ಲೆಕ್ಕ ಇಡೀ ನಗರದ ಲೆಕ್ಕ ಆಗುವುದಿಲ್ಲ, ಒಪ್ಪುತ್ತೇನೆ. ಸರ್ಜಾಪುರ ರಸ್ತೆಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಖಾಲಿ ಹೊಲದಲ್ಲಿ ಎದ್ದ ಟವರ್‌ಗಳಲ್ಲಿ ಸಾವಿರಾರು ಜನ ನಿಜಕ್ಕೂ ಇದ್ದಾರೆ, ಅಲ್ಲಿಯ ಕತೆ ಬೇರೆ. ನಾನು ಹೇಳುತ್ತಿರುವುದು ಮಲ್ಲೇಶ್ವರ, ಬಸವನಗುಡಿ, ಜಯನಗರಗಳಂಥ ಕಡೆ ಬೀದಿಗೊಂದರಂತೆ ಹಸಿರು ಬಲೆ ಹೊದ್ದು ನಿಂತಿರುವ ಕಟ್ಟಡಗಳ ಬಗ್ಗೆ. ಇವನ್ನು ಸಮರ್ಥಿಸುವಾಗ ಹೇಳುವ ಮಾತು ಒಂದೇ: ನಗರ ಬೆಳೆಯುತ್ತಿದೆ, ಜನಕ್ಕೆ ಮನೆ ಬೇಕು. 2011ರ ಜನಗಣತಿಯಲ್ಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು. ಮನೆ ಬೇಕೆನ್ನುವುದು ಸತ್ಯ. ಆದರೆ ಆರು ಒಲೆ ಉರಿಯುತ್ತಿದ್ದಲ್ಲಿ ಮೂರು ಉರಿಯುವಂತೆ ಮಾಡಿ ಅದನ್ನು ಮನೆ ಹೆಚ್ಚಿಸುವುದು ಎಂದು ಕರೆದರೆ ಹೇಗೆ? ಇಲ್ಲಿ ಹೆಚ್ಚಿದ್ದು ಚದರಡಿ. ನಮ್ಮ ನಿಯಮಗಳು ಅಳೆಯುವುದೂ ಅದನ್ನೇ. ಎಫ್‌ಎಆರ್ ಎಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. ದುಡ್ಡು ಕಟ್ಟಿ ಇನ್ನಷ್ಟು ಪಡೆಯಲು ಪ್ರೀಮಿಯಂ ಎಫ್‌ಎಆರ್ ಇದೆ. ಇಷ್ಟು ಮನೆಗೆ ಇಷ್ಟು ಕಾರಿನ ಜಾಗ ಬಿಡಬೇಕೆಂಬ ನಿಯಮವೂ ಇದೆ. ಕಾರಿಗೆ ಜಾಗ ಎಲ್ಲಿ ಎಂದು ನಕ್ಷೆಯಲ್ಲಿ ತೋರಿಸಲೇಬೇಕು. ಇಲ್ಲಿದ್ದ ಹದಿಮೂರು ಮಂದಿಗೆ ಜಾಗ ಎಲ್ಲಿ ಎಂದು ತೋರಿಸಬೇಕಿಲ್ಲ.

ಕಾನೂನು ಇದೆಯಲ್ಲ, ರೇರಾ ಇದೆಯಲ್ಲ ಎನ್ನುತ್ತಾರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯನ್ನು ನಾನು ಕೂತು ಓದಿದೆ. 500 ಚದರ ಮೀಟರ್ ಮೀರದ ಜಾಗ, ಇಲ್ಲವೇ ಎಂಟು ಮೀರದ ಫ್ಲ್ಯಾಟುಗಳ ಯೋಜನೆಗೆ ನೋಂದಣಿಯೇ ಬೇಕಿಲ್ಲ. ಐವತ್ತು–ಎಂಬತ್ತರ ಸೈಟು 372 ಚದರ ಮೀಟರ್ ಕೂಡ ಆಗುವುದಿಲ್ಲ. ಹಳೆಯ ಬಡಾವಣೆಯ ಈ ಬಗೆಯ ಸಣ್ಣ ಅಪಾರ್ಟ್‌ಮೆಂಟುಗಳೆಲ್ಲ ಹೀಗೆ ಹೊರಗೇ ಉಳಿಯುತ್ತವೆ. ಇನ್ನು ದೊಡ್ಡ ಯೋಜನೆಯಲ್ಲಾದರೂ ಕಾಯ್ದೆ ಕಾಯುವುದು ಕೊಳ್ಳುವವರನ್ನು. ಹಂಚಿಕೆ ಪಡೆದವರು ಯಾರು ಎಂದು ವಿವರಿಸುವ ಕಲಮು ಬಾಡಿಗೆಗಿರುವವರನ್ನು ಹೆಸರಿಸಿಯೇ ಹೊರಗಿಡುತ್ತದೆ.

ಹಾಗಾದರೆ ಬಾಡಿಗೆ ಕಾಯ್ದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಇವತ್ತು ಈ ಊರಿನಲ್ಲಿ 3,500ಕ್ಕೆ ಪಿಜಿಯಲ್ಲಿ ಒಂದು ಮಂಚ ಸಿಗುವುದೂ ಕಷ್ಟ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದೆನ್ನುತ್ತದೆ. ಅದು ಮಾದರಿ ಅಷ್ಟೆ. ಬೆಂಗಳೂರಿನ ಒಡೆಯರಿಗೆ ಹೇಳಿ ನೋಡಿ, ನಕ್ಕು ಗೇಟು ಹಾಕಿಕೊಳ್ಳುತ್ತಾರೆ.

ಇದನ್ನೆಲ್ಲ ಯಾರ ಮುಂದೆ ಹೇಳಿಕೊಳ್ಳಬೇಕು? ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳು ಬಂದವು. ನಾನು ಆ ಮನೆಗೆ ಬಂದಾಗ, ಬಿಟ್ಟಾಗ, ಅದು ಬಿದ್ದಾಗ, ಮತ್ತೆ ಎದ್ದಾಗ, ಆ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ಈಗ ಹಳೆಯದನ್ನು ಉಳಿಸಿ ಎನ್ನುವ ಹಿರಿಯರ ಕಡೆ ತಿರುಗುತ್ತೇನೆ. 'ನಮ್ಮ ಬಡಾವಣೆಗೆ ಅಪಾರ್ಟ್‌ಮೆಂಟ್ ಬೇಡ' ಎಂಬ ಫಲಕ ಕಂಡಾಗ ನನಗೆ ಖುಷಿಯಾಗುವುದಿಲ್ಲ. ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಕಾಲದಲ್ಲಿ, ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಂದ ತುಂಬಿಕೊಂಡ ಬಡಾವಣೆಗಳು. ಅಂದರೆ ಇವೂ ಒಂದು ಕಾಲದ ಹೊಸ ಲೇಔಟುಗಳೇ. ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿವೆ. ಮಲ ಹೊರುವವರು ಮುಂದಿನ ಬೀದಿಗೆ ಕಾಣಿಸಿಕೊಳ್ಳದೆ ಬಂದು ಹೋಗಲೆಂದು ಮಾಡಿದ ದಾರಿ ಅದು. ನಾವು ಹಾಡಿ ಹೊಗಳುವ ವಠಾರದಲ್ಲೂ ಎಲ್ಲರಿಗೂ ಜಾಗವಿರಲಿಲ್ಲ. 2021ರಲ್ಲಿ ರೂಮು ಹುಡುಕುವಾಗ ನಾನು ಹದಿನೇಳು ಮನೆಗಳ ಗೇಟು ತಟ್ಟಿದೆ. ಒಂಬತ್ತು ಕಡೆ ಬಾಡಿಗೆಗಿಂತ ಮೊದಲು "ನೀವು ಯಾವ ಜನ?" ಎಂದರು, ಇಲ್ಲವೇ "ನಾನ್‌ವೆಜ್ ಮಾಡ್ತೀರಾ?" ಎಂದರು. ಅರ್ಥ ಎರಡಕ್ಕೂ ಒಂದೇ. ಆ ಜಗಲಿಗಾಗಿ ನಾನೇಕೆ ಅಳಲಿ? ನನ್ನಂಥವಳಿಗೆ ಜಾತಿ ಕೇಳದೆ ಬಾಗಿಲು ತೆರೆಯುವ ಅಪಾರ್ಟ್‌ಮೆಂಟ್ ಬಂದರೆ ಅದಕ್ಕೆ ಮೊದಲ ಹೂ ಹಾಕುವವಳು ನಾನೇ. ಆದರೆ ಬಂದಿರುವ ಅಪಾರ್ಟ್‌ಮೆಂಟುಗಳು ಜಾತಿಯ ಪ್ರಶ್ನೆಯನ್ನು ಕೈಬಿಟ್ಟಿಲ್ಲ, ಅದರ ಮುಂದೆ ಕೋಟಿಯ ಪ್ರಶ್ನೆಯೊಂದನ್ನು ಸೇರಿಸಿವೆ. ಬ್ರಹ್ಮಚಾರಿಗಳಿಗೆ, ಒಂಟಿ ಹುಡುಗಿಯರಿಗೆ ಮನೆ ಕೊಡಬಾರದೆಂಬ ಅಸೋಸಿಯೇಷನ್ ನಿಯಮ ಬೇರೆ.

ನಮ್ಮದು ಸಣ್ಣ ಕಷ್ಟ ಎಂಬುದೂ ಗೊತ್ತು. 2013ರ ಜನವರಿಯ ಚಳಿಯಲ್ಲಿ ಈಜೀಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್‌ನಿಂದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಹೊರಹಾಕಿ ಅವರ ಶೆಡ್ಡುಗಳನ್ನು ಕೆಡವಿದರು. ಅದು ಬಡವರಿಗೆಂದೇ ಮೀಸಲಾಗಿದ್ದ ಸರ್ಕಾರಿ ಜಾಗ. ಅದರ ಒಂದು ಪಾಲು ಬಿಲ್ಡರ್‌ಗೆ ವಾಣಿಜ್ಯ ಕಟ್ಟಡಕ್ಕೆ ಹೋಗುವ ಒಪ್ಪಂದವಾಗಿತ್ತು. ಅಲ್ಲಿ ಪೊಲೀಸರು ಬಂದರು, ನಮ್ಮಲ್ಲಿಗೆ ಒಡತಿ ಕಾಫಿ ಕೊಟ್ಟು ಹೇಳಿದರು. ಪ್ರಮಾಣ ಬೇರೆ, ಅದರ ಹಿಂದಿನ ನಂಬಿಕೆ ಒಂದೇ: ಪತ್ರ ಇಲ್ಲದವರು ಅಲ್ಲಿ ಇರಲೇ ಇಲ್ಲ.

ಬೇರೆ ಥರ ಯೋಚಿಸಲು ಸಾಧ್ಯವಿಲ್ಲವೆ? ಮುಂಬೈಯಲ್ಲಿ ಹಳೆಯ ಸೆಸ್ ಕಟ್ಟಡಗಳನ್ನು ಕೆಡವಿ ಕಟ್ಟುವಾಗ ಅಲ್ಲಿದ್ದ ಬಾಡಿಗೆದಾರರಿಗೆ ಹೊಸ ಕಟ್ಟಡದಲ್ಲಿ ಮನೆ ಕೊಡಬೇಕೆಂಬ ನಿಯಮವಿದೆ. ಅಲ್ಲಿಯೂ ಅದರಲ್ಲಿ ಮೋಸಗಳಿವೆ, ವರ್ಷಗಟ್ಟಲೆ ತಾತ್ಕಾಲಿಕ ಶಿಬಿರಗಳಲ್ಲಿ ಕೊಳೆಯುವವರಿದ್ದಾರೆ. ಆದರೂ ಬಾಡಿಗೆಗಿದ್ದವನಿಗೂ ಆ ಜಾಗದ ಮೇಲೆ ಒಂದು ಮಾತಿದೆ ಎಂದು ಆ ನಗರ ಒಪ್ಪಿಕೊಂಡಿದೆ. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳಲ್ಲಿ ಚಾಳಿನವರು, ಖೋಲಿಯವರು ಕತೆಯ ನಡುಮನೆಯಲ್ಲೇ ಇದ್ದಾರೆ. ಬೆಂಗಳೂರಿನ ಬಗ್ಗೆ ನಾವು ಬರೆಯುವ ನೆನಪುಗಳಲ್ಲಿ ಅಂಥವರು ಇಸ್ತ್ರಿ ಬಟ್ಟೆ ಕೊಟ್ಟು ಹೋಗುತ್ತಾರೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮನೆ ಕೆಡವಿ ಕಟ್ಟಲು ನಕ್ಷೆ ಮಂಜೂರು ಮಾಡುವ ಮೊದಲು ಅಲ್ಲಿ ಎಷ್ಟು ಮಂದಿ ವಾಸವಿದ್ದಾರೆ ಎಂದು ಬರೆಸಿಕೊಳ್ಳಿ. ಆರು ತಿಂಗಳ ನೋಟಿಸ್ ಮತ್ತು ಸಾಗಾಟದ ಖರ್ಚು ಕೊಡಿಸಿ. ಒಡತಿಗೆ ಬಾಡಿಗೆ ಕೊಡುವ ಬಿಲ್ಡರ್‌ಗೆ ಇದು ಭಾರವಲ್ಲ. ಹೆಚ್ಚುವರಿ ಎಫ್‌ಎಆರ್ ಕೊಡುವಿರಾದರೆ ಆ ಹೆಚ್ಚುವರಿಯಲ್ಲಿ ಒಂದು ಪಾಲು ಸಣ್ಣ ಬಾಡಿಗೆ ಮನೆಗಳಿಗೆ ಇರಲಿ. 3,500ರ ಮಿತಿ ತೆಗೆಯಿರಿ, ಅಡ್ವಾನ್ಸಿಗೆ ಮಿತಿ ಹಾಕಿ. ನಾಲ್ಕು ಮಹಡಿಯಾದರೂ ಕಟ್ಟಿ, ಎಂಟಾದರೂ ಕಟ್ಟಿ. ಕೊನೆಗೆ ಮೊದಲಿಗಿಂತ ಹೆಚ್ಚು ಜನ ಅಲ್ಲಿ ಬಾಳುವಂತಿರಲಿ.

ನಾನೀಗ ಬಾಗಲಗುಂಟೆಯ ಪಿಜಿಯಲ್ಲಿ ಮೂವರ ರೂಮಿನಲ್ಲಿದ್ದೇನೆ. ಗ್ರಂಥಾಲಯಕ್ಕೆ ಮೆಟ್ರೋ ಹಿಡಿಯುತ್ತೇನೆ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ವಾರಕ್ಕೆ ಮೂರು ದಿನ ಮಾತ್ರ. ಟೈಲರಣ್ಣ ಲಗ್ಗೆರೆಯಲ್ಲಿದ್ದಾರೆ, ಮಲ್ಲೇಶ್ವರದ ಗಿರಾಕಿಗಳು ಅಲ್ಲಿಗೆ ಹೋಗುವುದಿಲ್ಲ. ಇಸ್ತ್ರಿಯವರು ಎಲ್ಲಿದ್ದಾರೋ ಗೊತ್ತಿಲ್ಲ, ಇದ್ದ ಫೋನ್ ನಂಬರ್ ಈಗ ಹೋಗುವುದಿಲ್ಲ. ಒಡತಿ ಮೊನ್ನೆ ಮೇಲಿನಿಂದ ನನ್ನ ಗುರುತು ಹಿಡಿದು ಕರೆದರು. ಮನೆ ಸೋರುವುದಿಲ್ಲ, ಚೆನ್ನಾಗಿದೆ. "ಆದ್ರೆ ಮಾತಾಡ್ಸೋಕೆ ಯಾರೂ ಇಲ್ಲ ಕಣಮ್ಮ," ಎಂದರು. ನಿಮ್ಮ ಮಗನ ಫ್ಲ್ಯಾಟು ಖಾಲಿ ಇದೆಯಲ್ಲ, ನಮ್ಮಂಥ ನಾಲ್ವರಿಗೆ ಬಾಡಿಗೆಗೆ ಕೊಡಿ ಎಂದೆ. ಅಸೋಸಿಯೇಷನ್‌ನವರು ಒಪ್ಪುವುದಿಲ್ಲ ಎಂದರು. ಆ ಅಸೋಸಿಯೇಷನ್‌ನಲ್ಲಿ ಇರುವುದು ನಾಲ್ಕೇ ಓಟು, ಅದರಲ್ಲಿ ಎರಡು ಆ ಮನೆಯವರದೇ.