ಗೊರವರ ಕರಿಯ ಕಂಬಳಿ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಜನ, ಬಿಲ್ಲನ್ನೇರಿದ ಗೊರವಯ್ಯನ ಕಾರ್ಣಿಕವನ್ನು ಉಸಿರು ಬಿಗಿಹಿಡಿದು ಕೇಳುತ್ತಾರೆ. ಸುತ್ತ ನಿಂತ ಗೊರವರು ಹೊದ್ದ ಕರಿಯ ಕಂಬಳಿಯತ್ತ ಕಣ್ಣು ಹಾಯಿಸುವವರು ಮಾತ್ರ ವಿರಳ. ಡಮರುಗ, ಭಂಡಾರಗಳಂತೆ ಅದೂ ಅವರ ಲಾಂಛನವೇ.

ಈ ಕಂಬಳಿಗೆ ಬಣ್ಣ ಹಾಕಬೇಕಿಲ್ಲ. ಕರಿಯ ಕುರಿಯ ಉಣ್ಣೆಗೆ ಹುಟ್ಟಿನಿಂದ ಬಂದ ವರ್ಣವದು. ಕುರುಬರು ವರ್ಷಕ್ಕೆರಡು ಸಲ ಕುರಿಗಳ ಮೈತೊಳೆದು ಉಣ್ಣೆ ಕತ್ತರಿಸುತ್ತಾರೆ. ಹೆಂಗಸರು ಅದನ್ನು ಹಿಂಜಿ ನೂಲುತ್ತಾರೆ. ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು, ಬಿಸಿಲಿನಲ್ಲಿ ಒಣಗಿಸಿ ಮಗ್ಗಕ್ಕೇರಿಸುತ್ತಾರೆ. ಗಂಜಿಯಿಂದ ಬಿರುಸಾದ ಹೊಸ ಕಂಬಳಿಯ ಮೇಲೆ ಮಳೆಹನಿ ನಿಲ್ಲದೆ ಜಾರುತ್ತದೆ. ಕೊಪ್ಪೆಯಾಗಿ ಹೊದ್ದರೆ ಅದು ಕೊಡೆ. ನೆಲಕ್ಕೆ ಹಾಸಿದರೆ ಹಾಸಿಗೆ. ಪೂಜೆಗೆ ಹಾಸಿದರೆ ಗದ್ದುಗೆ.

ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರುಗಳು. ಆದರೆ ಗಿರಣಿಯ ಹೊದಿಕೆ ಅಗ್ಗವಾಗಿ ದೊರೆಯತೊಡಗಿದ ಮೇಲೆ ಕೈನೂಲಿನ ಶ್ರಮಕ್ಕೆ ತಕ್ಕ ಬೆಲೆ ಸಿಗದಾಯಿತು. ಕೊಳ್ಳುವವರಿಲ್ಲದೆ ಉಣ್ಣೆಯನ್ನು ಎಸೆಯುವ ಹಟ್ಟಿಗಳೂ ಉಂಟು. ಮಾಂಸದ ಲಾಭಕ್ಕಾಗಿ ಉಣ್ಣೆಯಿಲ್ಲದ ತಳಿಗಳೊಡನೆ ನಾಡಕುರಿಯನ್ನು ಬೆರಸುವುದೂ ಹೆಚ್ಚಿದೆ. ನಿಂತ ಮಗ್ಗವನ್ನು ಮತ್ತೆ ಹೂಡಬಹುದು. ಮಂದೆಯಲ್ಲಿ ಉಣ್ಣೆಯ ಕುರಿಯೇ ಇಲ್ಲವಾದರೆ ನೂಲುವುದೇನನ್ನು?

ಜಾತ್ರೆಗೆ ಹೋದ ಸಂಸಾರಗಳು ಮರಳುವಾಗ ನೇಯುವವರ ಊರನ್ನು ಹಾದು ಬರಲಿ. ಕೈಮಗ್ಗದ ಕಂಬಳಿ ಮೊದಲು ಮೈಗೆ ಚುಚ್ಚುವುದು ನಿಜ. ಬಳಸಿದಂತೆಲ್ಲ ಮೆದುವಾಗಿ ಬಹುಕಾಲ ಬಾಳುತ್ತದೆ. ಅದನ್ನು ಕೊಟ್ಟ ಬೆಲೆ ನೂಲಿದ ತಾಯಿಗೂ ಕುರಿ ಕಾಯ್ದ ಹುಡುಗನಿಗೂ ತಲುಪುತ್ತದೆ.