ಎದೆಯ ಮೇಲಿನ ತಂತಿ

ಬೀರೂರಿನ ಆಸ್ಪತ್ರೆಯೊಂದರಲ್ಲಿ ನನ್ನ ತಾಯಿಯವರ ಎದೆಗೆ ತಂತಿಗಳನ್ನು ಅಂಟಿಸಲು ದಾದಿ ಬಂದಾಗ ಅವರು ಆಕೆಯ ಕೈ ತಡೆದರು. “ನನ್ನ ಮೈಗೆ ಕರೆಂಟು ಬಿಡುತ್ತೀಯೇನಮ್ಮ?” ತೋಟದ ಪಂಪಿನ ಮೋಟಾರನ್ನು ಒದ್ದೆಗಾಲಿನಲ್ಲಿ ಮುಟ್ಟಿ ಒಮ್ಮೆ ಪೆಟ್ಟು ತಿಂದವರು ಅವರು. “ಇಲ್ಲಜ್ಜಿ, ಏನೂ ಬಿಡುವುದಿಲ್ಲ” ಎಂದಳು ದಾದಿ. ತಾಯಿ ನನ್ನ ಮುಖ ನೋಡಿದರು. ಕನ್ನಡ ಪಾಠ ಹೇಳುವವನು ನಾನು. ಸುಮ್ಮನೆ ಹೌದೆಂದು ತಲೆಯಾಡಿಸಿದೆ.

ಆ ತಲೆಯಾಟ ಸುಳ್ಳೆಂಬುದು ಮರುದಿನ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರಿಂದ ತಿಳಿಯಿತು. ಹೃದಯದ ಬಡಿತವನ್ನು ದಾಖಲಿಸಲು ಪ್ರವಾಹ ಬಿಡಬೇಕಾಗಿಲ್ಲ, ನಿಜ. ಹೃದಯ ತಾನೇ ಹುಟ್ಟಿಸುವ ವಿದ್ಯುತ್ತನ್ನು ಯಂತ್ರ ಗ್ರಹಿಸುತ್ತದೆ. ಆದರೆ ಉಸಿರನ್ನೂ ಎಣಿಸುವ ಯಂತ್ರವಾದರೆ ಸಾಮಾನ್ಯವಾಗಿ ಅವೇ ತಂತಿಗಳ ಮೂಲಕ ಅತ್ಯಲ್ಪ ಪ್ರವಾಹವನ್ನು ಎದೆಯಲ್ಲಿ ಹಾಯಿಸುತ್ತದೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವುದರಿಂದ ಅದರ ಅರಿವು ನಮಗಾಗದು. ಉಸಿರೆಳೆದಾಗ ಎದೆಯ ವಿದ್ಯುತ್ ತಡೆ ಒಂದು ಓಮಿನಷ್ಟೋ ಅದಕ್ಕೂ ಕಡಿಮೆಯೋ ಏರುತ್ತದೆ. ಇದನ್ನು ಹಿಡಿಯಬೇಕಾದರೆ, ಚರ್ಮ ಬೆವರಲಿ ಒಣಗಲಿ, ಪ್ರವಾಹ ಮಾತ್ರ ಒಂದೇ ಸಮನಿರಬೇಕು. ಆಗ ವೋಲ್ಟೇಜಿನ ಏರಿಳಿತದಲ್ಲಿ ಉಸಿರಿನ ಏರಿಳಿತ ಕಾಣುತ್ತದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಇದೇ ತತ್ತ್ವದಿಂದ ಕೈಕಾಲುಗಳ ರಕ್ತಸಂಚಾರವನ್ನು ಅಳೆಯುವ ಉಪಕರಣ ರೂಪಿಸಿದ್ದಾರೆ.

ಇಷ್ಟು ಅಷ್ಟೇನೂ ಕಷ್ಟವಲ್ಲವಂತೆ. ಕಷ್ಟವಿರುವುದು ಆ ಪ್ರವಾಹದ ಆಕರವನ್ನು ಗೋಡೆಯ ವಿದ್ಯುತ್ತಿನಿಂದಲೂ ನೆಲದಿಂದಲೂ ಬೇರ್ಪಡಿಸುವುದರಲ್ಲಿ. ಒಂಟಿ ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗುವುದಿಲ್ಲ, ಪ್ರವಾಹಕ್ಕೆ ಮುಂದೆ ದಾರಿಯಿಲ್ಲ. ನನ್ನ ತಾಯಿಗೆ ಪೆಟ್ಟು ಬಿದ್ದದ್ದು ಒದ್ದೆ ನೆಲ ದಾರಿ ಕೊಟ್ಟದ್ದರಿಂದ. ಹಾಸಿಗೆಯ ಪಕ್ಕದ ಬೇರಾವುದೋ ಉಪಕರಣ ಕೆಟ್ಟು ರೋಗಿಯ ಕೈಗೆ ತಾಗಿದರೂ ಎದೆಯ ತಂತಿ ನೆಲಕ್ಕೆ ದಾರಿಯಾಗಕೂಡದು. ಅದಕ್ಕಾಗಿ ಶಕ್ತಿಯನ್ನು ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯಿಂದ ಇನ್ನೊಂದಕ್ಕೆ ಕಾಂತಕ್ಷೇತ್ರದ ಮೂಲಕ, ಸಂಕೇತವನ್ನು ಅನೇಕ ವೇಳೆ ಬೆಳಕಿನ ಮೂಲಕ ದಾಟಿಸುತ್ತಾರೆ. ಹುಬ್ಬಳ್ಳಿಯ ಕಡೆಯಿಂದ ಬಂದವರು ನಮ್ಮ ಜಂಕ್ಷನ್ನಿನಲ್ಲಿ ಇಳಿದು ಶಿವಮೊಗ್ಗದ ಗಾಡಿ ಹತ್ತುವುದಿಲ್ಲವೆ? ಜನ ದಾಟುತ್ತಾರೆ, ಗಾಡಿಗಳು ಕೂಡಿಕೊಳ್ಳುವುದಿಲ್ಲ.

ಆದರೂ ಎರಡು ಸುರುಳಿಗಳ ನಡುವೆ ಕೊಂಚ ಸೋರಿಯೇ ಸೋರುತ್ತದೆ. ಮನೆಯ ವಿದ್ಯುತ್ತು ಬೆರಳಿಗೆ ಜುಮ್ಮೆನ್ನಲು ಸುಮಾರು 1,000 ಮೈಕ್ರೋಆಂಪಿಯರು ಬೇಕು. ಹೃದಯಕ್ಕೇ ನೇರವಾಗಿ ತಾಗಬಹುದಾದ ಉಪಕರಣಗಳಲ್ಲಿ ಈ ಸೋರಿಕೆ 10 ಮೈಕ್ರೋಆಂಪಿಯರನ್ನು, ಒಂದು ಭಾಗ ಕೆಟ್ಟಾಗಲೂ 50ನ್ನು, ಮೀರಕೂಡದೆಂದು ಅಂತರರಾಷ್ಟ್ರೀಯ ಮಾನಕದ ಕಟ್ಟಳೆ.

ಸಂಜೆ ತಾಯಿಗೆ ನಿಜ ಹೇಳಿದೆ. ಕಾಗೆಯ ಉಪಮೆಯನ್ನೂ ಕೊಟ್ಟೆ.

“ಅಂತೂ ನನ್ನನ್ನು ಕಾಗೆ ಮಾಡಿದೆಯಲ್ಲೋ” ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, “ತೋಟದ ಮೋಟಾರಿಗೆ ಅರ್ತಿಂಗ್ ಮಾಡಿಸಿದೆಯೇನೋ?” ಎಂದರು.

ಮಾಡಿಸಿರಲಿಲ್ಲ.