ದನಿಯಿಲ್ಲದ ದೂತಿ

ಕೋಪನ್‌ಹೇಗನ್ ನಗರದಲ್ಲಿ ಆ ಮೂರ್ತಿಯನ್ನು ಮೊದಲ ಬಾರಿಗೆ ಕಂಡವರಲ್ಲಿ ಅನೇಕರ ಉದ್ಗಾರ ಒಂದೇ: "ಅಯ್ಯೋ, ಇಷ್ಟು ಚಿಕ್ಕದೆ!" ಡೆನ್ಮಾರ್ಕಿನ ಆ ರಾಜಧಾನಿಯ ಬಂದರಿನಲ್ಲಿ, ನೀರಂಚಿನ ಬಂಡೆಯ ಮೇಲೆ ಕುಳಿತಿರುವ ಕಂಚಿನ ಮತ್ಸ್ಯಕನ್ಯೆಯ ಎತ್ತರ ನಾಲ್ಕಡಿಗಿಂತ ತುಸು ಹೆಚ್ಚು, ತೂಕ 175 ಕಿಲೋ. ಚಿತ್ರದ ಕಾರ್ಡುಗಳಲ್ಲಿ ನೋಡಿ ಮನಸ್ಸಿನಲ್ಲಿ ಬೆಳೆಸಿಕೊಂಡ ಮೂರ್ತಿಗೂ ಇದಕ್ಕೂ ತಾಳೆಯಾಗುವುದಿಲ್ಲ. ಆದರೂ ಆ ನಗರದ ಹೆಸರೆತ್ತಿದೊಡನೆ ಪರದೇಶದವರ ಕಣ್ಣಿಗೆ ಕಟ್ಟುವವಳು ಇವಳೇ.

ಸಿಂಗಪುರದ ಸಿಂಹಮುಖದ ಮೀನು 1964ರಲ್ಲಿ ಪ್ರವಾಸ ಮಂಡಲಿಯ ಲಾಂಛನವಾಗಿ ಹುಟ್ಟಿ, 1972ರಲ್ಲಿ ಮೂರ್ತಿಯಾಯಿತು. ಇವಳ ಜನ್ಮವೃತ್ತಾಂತ ಬೇರೆ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯು ನೃತ್ಯನಾಟಕವಾಗಿ ರಂಗಕ್ಕೇರಿದಾಗ, ಅದನ್ನು ಕಂಡು ಮನಸೋತ ಬಿಯರ್ ಉದ್ಯಮಿ ಕಾರ್ಲ್ ಯಾಕೋಬ್ಸನ್ 1909ರಲ್ಲಿ ಶಿಲ್ಪಿ ಎಡ್ವರ್ಡ್ ಎರಿಕ್ಸನ್‌ಗೆ ಒಪ್ಪಿಸಿದ ಕೆಲಸವಿದು. ನರ್ತಕಿ ಎಲೆನ್ ಪ್ರೈಸ್ ಮಾದರಿಯಾಗಬೇಕೆಂಬುದು ಧಣಿಯ ಆಸೆ. ವಿವಸ್ತ್ರಳಾಗಿ ಕೂರಲು ಆಕೆ ಒಪ್ಪಲಿಲ್ಲ. ಹೀಗಾಗಿ ಮುಖ ನರ್ತಕಿಯದಾದರೆ ಮೈ ಶಿಲ್ಪಿಯ ಪತ್ನಿಯದು. ಅನಾವರಣವಾದದ್ದು 1913ರ ಆಗಸ್ಟ್ 23ರಂದು. ಕಥೆಯ ಮತ್ಸ್ಯಕನ್ಯೆ ಮನುಷ್ಯರ ಕಾಲುಗಳನ್ನು ಪಡೆಯಲು ತನ್ನ ದನಿಯನ್ನೇ ತೆತ್ತವಳು. ಮಾತು ಕಳೆದುಕೊಂಡವಳು ಒಂದು ನಗರದ ಪರವಾಗಿ ಲೋಕದೊಡನೆ ಮಾತಾಡುವಂತಾದದ್ದು ವಿಚಿತ್ರವೇ ಸರಿ.

ಕೀರ್ತಿ ಬಂದ ದಾರಿಯಲ್ಲೇ ಕೇಡೂ ಬಂದಿತು. 1964ರಲ್ಲಿ ಯಾರೋ ತಲೆಯನ್ನು ಕೊಯ್ದೊಯ್ದರು; ಅದು ಮತ್ತೆ ಸಿಗಲೇ ಇಲ್ಲ, ಹೊಸದನ್ನು ಎರಕ ಹೊಯ್ಯಬೇಕಾಯಿತು. 1984ರಲ್ಲಿ ಬಲಗೈ ಹೋಯಿತು, 1998ರಲ್ಲಿ ಮತ್ತೊಮ್ಮೆ ತಲೆ. 2003ರಲ್ಲಂತೂ ಸಿಡಿಮದ್ದಿಟ್ಟು ಬಂಡೆಯಿಂದಲೇ ಉರುಳಿಸಿದರು. ಬಣ್ಣ ಎರಚಿದ್ದು ಎಷ್ಟು ಬಾರಿಯೋ! ಊರಿನಲ್ಲಿ ಬೇರೆ ಮೂರ್ತಿಗಳಿಲ್ಲವೆ? ಬೇಕಾದಷ್ಟಿವೆ. ಆದರೆ ಇವಳ ಮೈಮುಟ್ಟಿದರೆ ಮರುದಿನ ದೇಶದೇಶಗಳ ಪತ್ರಿಕೆಗಳಲ್ಲಿ ಸುದ್ದಿ.

ಇಂಥವಳನ್ನು 2010ರಲ್ಲಿ ಚೀನದ ಶಾಂಘೈ ಬಂದರುನಗರದ ವಿಶ್ವಪ್ರದರ್ಶನಕ್ಕೆ ಕಳುಹಿಸಲಾಯಿತು. ಪ್ರತಿಕೃತಿಯನ್ನಲ್ಲ, ಬಂಡೆಯ ಮೇಲಿದ್ದವಳನ್ನೇ. ಕಳುಹಿಸಬಾರದೆಂಬ ಕೂಗು ಪಾರ್ಲಿಮೆಂಟಿನವರೆಗೂ ಮುಟ್ಟಿತ್ತು. ನಮ್ಮ ದೇವಾಲಯಗಳಲ್ಲಾದರೆ ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ, ಬೀದಿಗೆ ಬರುವುದು ಉತ್ಸವಮೂರ್ತಿ. ಡೇನರಿಗೆ ಈ ಅನುಕೂಲವಿರಲಿಲ್ಲ. ಕಳುಹಿಸಿದ್ದು ತಪ್ಪಲ್ಲವೆಂದೇ ನನ್ನ ಎಣಿಕೆ: ತವರನ್ನು ಬಿಟ್ಟು ಅಪರಿಚಿತರ ನಡುವೆ ಬಾಳಹೊರಟವಳ ಕಥೆಯಲ್ಲವೆ ಅವಳದು! ಡೆನ್ಮಾರ್ಕಿನ ಮಂಟಪದೊಳಗಿನ ಕೊಳದಲ್ಲಿ ಕುಳಿತವಳನ್ನು ಲಕ್ಷಾಂತರ ಮಂದಿ ಚೀನೀಯರು ಕಣ್ತುಂಬ ನೋಡಿದರು.

ಇತ್ತ ಕೋಪನ್‌ಹೇಗನ್ನಿನ ದಡದಲ್ಲಿ ಚೀನೀ ಕಲಾವಿದ ಐ ವೇಯ್‌ವೇಯ್ ಕಲ್ಪಿಸಿದ ದೊಡ್ಡ ಪರದೆಯೊಂದನ್ನು ನಿಲ್ಲಿಸಿದ್ದರು. ನವೆಂಬರಿನಲ್ಲಿ ಅವಳು ಮರಳಿದಳು. ಆ ಬೇಸಗೆಯಲ್ಲಿ ಅವಳನ್ನು ಕಾಣಲೆಂದೇ ದೂರದಿಂದ ಬಂದವರು ಮಾತ್ರ, ಶಾಂಘೈಯಲ್ಲಿ ಕುಳಿತವಳನ್ನು ಪರದೆಯ ಮೇಲೆ ನೋಡಿ ಹಿಂತಿರುಗಿದರು.